ಸ್ವಲೀನತೆಯುಳ್ಳ ಮಕ್ಕಳಿಗೆ ಸಹಾಯಕ ಶ್ವಾನ: ಪೋಷಕರು ತಿಳಿದಿರಬೇಕಾದ ಅಂಶಗಳು

ಆಟಿಸಂ ಎಂದು ಕರೆಯಲಾಗುವ ಸ್ವಲೀನತೆಯನ್ನು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಪಟ್ಟಿ ಮಾಡಲಾದ 21 ವಿಧದ ನ್ಯೂನತೆಗಳಲ್ಲಿ ಸೇರಿಸಲಾಗಿದೆ. ಇಂತಹ ಮಕ್ಕಳಲ್ಲಿ ಹಲವರು ಅಪಾಯದ ಅರಿವಿಲ್ಲದೆ ಮನೆಯಿಂದ ಹೊರಗೆ ಹೊರಟುಬಿಡುವುದುಂಟು. ಕುಮಟಾ ತಾಲ್ಲೂಕಿನ ಧಾರೇಶ್ವರದಂತಹ ಕರಾವಳಿ ಗ್ರಾಮದಲ್ಲಿ ಒಂದೆಡೆ ಸಮುದ್ರ, ಇನ್ನೊಂದೆಡೆ ರಾಷ್ಟ್ರೀಯ ಹೆದ್ದಾರಿ 66 ಇರುವುದರಿಂದ ಪೋಷಕರ ಆತಂಕ ಸಹಜವಾದುದು. ಈ ಹಿನ್ನೆಲೆಯಲ್ಲಿ ಸಹಾಯಕ ಶ್ವಾನಗಳ ಬಗ್ಗೆ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ಸಹಾಯಕ ಶ್ವಾನ ಎಂದರೇನು?

ಅಂಧರಿಗೆ ದಾರಿ ತೋರುವ ಶ್ವಾನಗಳ ಮಾದರಿಯಲ್ಲಿ, 1990ರ ದಶಕದ ಉತ್ತರಾರ್ಧದಲ್ಲಿ ಕೆನಡಾದಲ್ಲಿ ಸ್ವಲೀನತೆಯುಳ್ಳ ಮಕ್ಕಳಿಗಾಗಿ ಶ್ವಾನಗಳಿಗೆ ತರಬೇತಿ ನೀಡುವ ಕಾರ್ಯ ಆರಂಭವಾಯಿತು. ಮಗುವಿನ ಸೊಂಟದ ಪಟ್ಟಿಯನ್ನು ಶ್ವಾನದ ಮೈಪಟ್ಟಿಗೆ ಜೋಡಿಸಲಾಗುತ್ತದೆ. ಹಗ್ಗ ಪೋಷಕರ ಕೈಯಲ್ಲಿರುತ್ತದೆ. ಮಗು ಓಡಲು ಯತ್ನಿಸಿದಾಗ ಶ್ವಾನವು ನಿಂತಲ್ಲಿಯೇ ಭದ್ರವಾಗಿ ನಿಂತು ತಡೆಯುತ್ತದೆ. ಮಗು ಉದ್ವೇಗಗೊಂಡಾಗ ಮೈಗೆ ಒರಗಿ ಶಾಂತಗೊಳಿಸುವುದೂ ಇದರ ಕೆಲಸವಾಗಿದೆ. ಇದಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷಗಳ ತರಬೇತಿ ಬೇಕಾಗುತ್ತದೆ. ಚಿಕಿತ್ಸಾ ಕೇಂದ್ರಗಳಿಗೆ ಕರೆತರುವ ಶ್ವಾನಗಳು ಹಾಗೂ ಮನೆಯ ಸಾಕುನಾಯಿಗಳು ಇದಕ್ಕಿಂತ ಭಿನ್ನವಾಗಿವೆ.

ಪೋಷಕರ ವಿಶೇಷ ಗಮನಕ್ಕೆ

1. ಶ್ವಾನವು ಸ್ವಲೀನತೆಯನ್ನು ಗುಣಪಡಿಸುವುದಿಲ್ಲ. ವಾಕ್ ಚಿಕಿತ್ಸೆ, ವರ್ತನಾ ತರಬೇತಿ ಹಾಗೂ ವಿಶೇಷ ಶಿಕ್ಷಣಕ್ಕೆ ಇದು ಬದಲಿಯಲ್ಲ.

2. ಸದರಿ ಅಧಿನಿಯಮದಲ್ಲಿ ಸಹಾಯಕ ಶ್ವಾನಗಳ ಕುರಿತು ಪ್ರತ್ಯೇಕ ಕಲಂ ಇರುವುದಿಲ್ಲ. ಆದುದರಿಂದ ‘ಸರ್ಕಾರದ ಮಾನ್ಯತೆ ಪಡೆದ ಆಟಿಸಂ ನಾಯಿ’ ಎಂದು ಹೇಳಿ ದುಬಾರಿ ಬೆಲೆಗೆ ಮರಿಗಳನ್ನು ಮಾರಲು ಬರುವವರನ್ನು ನಂಬಬಾರದು. ಮುಂಗಡ ಹಣವನ್ನು ನೀಡಬಾರದು.

3. ಕೆಲವು ಮಕ್ಕಳಿಗೆ ಬೊಗಳುವ ಸದ್ದು ಅಥವಾ ಸ್ಪರ್ಶ ಅಸಹನೀಯವಾಗುತ್ತದೆ. ನಾಯಿ ಸಾಕುವ ಮೊದಲು ಮಗುವನ್ನು ಶಾಂತ ಸ್ವಭಾವದ ನಾಯಿಯೊಂದಿಗೆ ಹಲವು ಬಾರಿ ಒಡನಾಡಲು ಬಿಟ್ಟು ಗಮನಿಸುವುದು ಸೂಕ್ತ.

4. ನಾಯಿಯ ಆರೈಕೆಯ ಹೊಣೆ ಪೋಷಕರದೇ ಆಗಿರುತ್ತದೆ. ಪಶು ಆಸ್ಪತ್ರೆಯಲ್ಲಿ ರೇಬೀಸ್ ನಿರೋಧಕ ಲಸಿಕೆಯನ್ನು ತಪ್ಪದೆ ಹಾಕಿಸತಕ್ಕದ್ದು. ತರಬೇತಿ ಇಲ್ಲದ ನಾಯಿಗೆ ಮಗುವನ್ನು ಎಂದಿಗೂ ಕಟ್ಟಬಾರದು. ನಾಯಿ ಬೆದರಿ ಓಡಿದಲ್ಲಿ ಮಗುವಿಗೆ ಪ್ರಾಣಾಪಾಯವಾಗಬಹುದು.

ಪಡೆಯಬಹುದಾದ ಸೌಲಭ್ಯಗಳು

ಮೊದಲು ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ವೈದ್ಯಕೀಯ ಪ್ರಾಧಿಕಾರದ ತಪಾಸಣೆಯ ನಂತರ ವಿಕಲಚೇತನ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿ ಪಡೆಯತಕ್ಕದ್ದು. ಮಗುವಿನ ಭಾವಚಿತ್ರ, ಗುರುತಿನ ಹಾಗೂ ವಿಳಾಸದ ದಾಖಲೆ ಅವಶ್ಯಕ. ಧಾರೇಶ್ವರದಿಂದ ಜಿಲ್ಲಾ ಕೇಂದ್ರವಾದ ಕಾರವಾರ 70 ಕಿಲೋಮೀಟರಿಗೂ ಹೆಚ್ಚು ದೂರವಿರುವುದರಿಂದ, ಪ್ರಯಾಣಕ್ಕೆ ಮುನ್ನ ತಪಾಸಣೆಯ ದಿನ ಹಾಗೂ ಸ್ಥಳವನ್ನು ವಿಚಾರಿಸಿಕೊಳ್ಳುವುದು ಒಳಿತು. ನಂತರ ದೊರೆಯುವ ಸೌಲಭ್ಯಗಳು ಹೀಗಿವೆ:

• ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಯೋಜನೆಯಡಿ ವಾರ್ಷಿಕ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ. ನಿಗದಿತ ಮಿತಿಯೊಳಗೆ ಚಿಕಿತ್ಸಾ ತರಬೇತಿಯ ವೆಚ್ಚವೂ ಇದರಲ್ಲಿ ಸೇರಿದೆ.

• ನ್ಯೂನತೆ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ, 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ಇಚ್ಛಿಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು.

• ಅರ್ಹತೆಗೆ ಒಳಪಟ್ಟು, ನಾಡಕಚೇರಿಯ ಮೂಲಕ ಮಾಸಿಕ ವೇತನಕ್ಕೆ ಅರ್ಜಿ.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹಾಗೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಜ್ಞರ ತಪಾಸಣೆ ಲಭ್ಯವಿದೆ.

ಶ್ವಾನ ದೊರೆಯಲಿ ಬಿಡಲಿ, ಬಾಗಿಲಿಗೆ ಎತ್ತರದಲ್ಲಿ ಚಿಲಕ, ಬಾವಿಗೆ ಕಟ್ಟೆ ಮತ್ತು ಮುಚ್ಚಳ, ಮಗುವಿನ ಕೈಗೆ ದೂರವಾಣಿ ಸಂಖ್ಯೆಯುಳ್ಳ ಪಟ್ಟಿ, ಹಾಗೂ ನೆರೆಹೊರೆಯವರಿಗೆ ಮುಂಚಿತವಾಗಿ ತಿಳಿವಳಿಕೆ, ಇವು ಇಂದೇ ಕೈಗೊಳ್ಳಬಹುದಾದ ಕ್ರಮಗಳಾಗಿವೆ. ಮಗು ಕಾಣೆಯಾದಲ್ಲಿ ಕಾಯದೆ ಕೂಡಲೇ 112ಕ್ಕೆ ಕರೆ ಮಾಡಿ, ಮೊದಲು ನೀರಿರುವ ಕಡೆ ಹುಡುಕತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಅಥವಾ ಕಾರವಾರದ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.