ಮೂರು ನಿಮಿಷದ ಪ್ಲೇಟು, ಮಿಸಳ್ ಮತ್ತು ಕರ್ಜತ್ ದಾರಿ

1933ರಲ್ಲಿ ಗದಗಿನ ಹನ್ನೊಂದು ವರ್ಷದ ಹುಡುಗನೊಬ್ಬ ಮನೆಯಲ್ಲಿ ಯಾರಿಗೂ ಹೇಳದೆ ರೈಲು ಹತ್ತಿದ. ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಪ್ಲೇಟು ಕೇಳಿದಾಗಿನಿಂದ ಹಾಗೆಯೇ ಹಾಡಬೇಕೆಂಬ ಹುಚ್ಚು ಹಿಡಿದಿತ್ತು. ಅದರ ಮೇಲೆ ಊಟದ ಹೊತ್ತಿನಲ್ಲಿ ತಾಯಿ ಇನ್ನೊಂದು ಚಮಚ ತುಪ್ಪ ಬಡಿಸಲಿಲ್ಲವೆಂಬ ಸಿಟ್ಟು. ಕಿಸೆಯಲ್ಲಿ ಟಿಕೆಟ್ಟಿಗೆ ಕಾಸಿರಲಿಲ್ಲ. ಡಬ್ಬಿಯಲ್ಲಿ ಹಾಡುತ್ತ, ಕೇಳಿದವರು ಕೊಟ್ಟದ್ದನ್ನು ತಿನ್ನುತ್ತ ಹುಡುಗ ಗುರುವನ್ನು ಹುಡುಕಿಕೊಂಡು ಗ್ವಾಲಿಯರ್ ತನಕ ಹೋದ. ಮುಂದೆ ಭೀಮಸೇನ ಜೋಶಿಯಾದ ಮೇಲೆ ಈ ಕತೆಯನ್ನು ಅವರೇ ನಗುತ್ತ ಹೇಳುತ್ತಿದ್ದರು.

ಪ್ಲೇಟು, ತುಪ್ಪ, ರೈಲು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಸಂಗೀತಪ್ರಿಯರ ಹರಟೆಯೂ ಈ ಮೂರನ್ನು ಬಿಟ್ಟು ಬಹಳ ದೂರ ಹೋಗುವುದಿಲ್ಲ. ರಾಗದಿಂದ ಶುರುವಾದ ಮಾತು ತಿಂಡಿಗೆ ಹೊರಳಿ ರೈಲಿನ ವೇಳಾಪಟ್ಟಿಗೆ ಬಂದು ನಿಲ್ಲುತ್ತದೆ. ಅದು ಸಹಜವೂ ಹೌದು. ಈ ಊರುಗಳನ್ನು ಬೆಳೆಸಿದ್ದೇ ರೈಲು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ಗಾಡಿ 14 ಡಬ್ಬಿಗಳಲ್ಲಿ 400 ಜನರನ್ನು ಕೂರಿಸಿಕೊಂಡು 34 ಕಿಲೋಮೀಟರ್ ಓಡಿ ನಿಂತದ್ದು ಥಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಅಲ್ಲಿಂದ ಒಂದು ಕವಲು ಕಸಾರಾ ಕಡೆಗೆ, ಇನ್ನೊಂದು ಕರ್ಜತ್ ಕಡೆಗೆ. ಕನ್ನಡಿಗರ ದಾರಿ ಕರ್ಜತ್ತಿನದು.

ಮೊದಲು ಪ್ಲೇಟಿನ ಮಾತು. ಹಳೆಯ 78 ಆರ್‌ಪಿಎಂ ತಟ್ಟೆ ಪ್ಲಾಸ್ಟಿಕ್ಕಿನದಲ್ಲ. ಅರಗು, ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತಿದ್ದು. ಕೈ ಜಾರಿದರೆ ಚೂರು. ಉಕ್ಕಿನ ಮುಳ್ಳನ್ನು ಒಂದೊಂದು ಮಗ್ಗುಲಿಗೂ ಬದಲಿಸಬೇಕಿತ್ತು. ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಮೂರು, ಬಹಳವೆಂದರೆ ಮೂರೂವರೆ ನಿಮಿಷ. ಬೈಠಕ್ಕಿನಲ್ಲಿ ಒಂದು ತಾಸು ಬಿಚ್ಚುವ ರಾಗವನ್ನು ಅಷ್ಟರಲ್ಲಿ ಮುಗಿಸಬೇಕು: ಆಲಾಪಕ್ಕೆ ಪುರುಸೊತ್ತಿಲ್ಲ, ಬಂದಿಶ್ ಹೇಳಿ, ನಾಲ್ಕು ತಾನು ಹಾರಿಸಿ, ಸಮಕ್ಕೆ ಬಂದು ನಿಲ್ಲಬೇಕು. ಇದು ಕಲೆಗೆ ಆದ ಅನ್ಯಾಯ ಎನ್ನುವವರಿದ್ದಾರೆ. ಆದರೆ ಅಬ್ದುಲ್ ಕರೀಂ ಖಾನರ ಆ ಠುಮ್ರಿಯನ್ನು ಕೇಳಿದವರು ಹಾಗೆ ಹೇಳಲಾರರು. ಎಷ್ಟು ಹೇಳಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಮೂರು ನಿಮಿಷದ ಕಟ್ಟುಪಾಡು ಗಾಯಕರಿಗೆ ಕಲಿಸಿದಷ್ಟು ಯಾವ ಗುರುವೂ ಕಲಿಸಿರಲಿಕ್ಕಿಲ್ಲ.

ಪ್ಲೇಟಿನ ದೊಡ್ಡ ಉಪಕಾರ ಇನ್ನೊಂದು. ಉಸ್ತಾದರ ಮನೆ ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ. ಚಹಾದಂಗಡಿಯ ಗ್ರಾಮಫೋನಿಗೆ ಆ ಬಿಗುಮಾನ ಇರಲಿಲ್ಲ. ಬೆಳಗಾವಿ ಬಳಿಯ ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೋಮಕಲಿಮಠ ಎಂಬ ಬಾಲಕ ದೊಡ್ಡ ಗಾಯಕರ ಪ್ಲೇಟುಗಳನ್ನು ಕೇಳಿ ಇದ್ದದ್ದು ಇದ್ದ ಹಾಗೆ ಒಪ್ಪಿಸುತ್ತಿದ್ದ. ಅವನೇ ಕುಮಾರ ಗಂಧರ್ವ. ಮುಂಬಯಿಗೆ ಬಂದು ಬಿ.ಆರ್. ದೇವಧರರ ಕೈಗೆ ಸಿಕ್ಕಮೇಲೆ ಆ ಅನುಕರಣೆಯನ್ನೆಲ್ಲ ಕಳಚಿ ತನ್ನದೇ ಹಾದಿ ಹಿಡಿದದ್ದು ಬೇರೆ ಕತೆ.

ಕನ್ನಡ ಸಂಗ್ರಾಹಕರಿಗೆ ಕಣ್ಣಿಗೆ ಬಿದ್ದರೆ ಬಿಡಲಾಗದ ಹೆಸರೊಂದಿದೆ: ‘ಗಾಂಧಾರಿ ಹುಬ್ಳಿ’. 1930ರ ದಶಕದ ಆರಂಭದ ಎಚ್‌ಎಂವಿ ಲೇಬಲ್ಲುಗಳ ಮೇಲಿನ ಈ ಗಾಂಧಾರಿ ನಮ್ಮ ಗಂಗೂಬಾಯಿ ಹಾನಗಲ್ ಅವರೇ. ಜಿ.ಎನ್. ಜೋಶಿಯವರ ಜತೆ ಹಾಡಿದ ಮರಾಠಿ ಯುಗಳಗೀತೆಗಳಲ್ಲಿ ಕೇಳುವುದು ತೆಳುವಾದ, ಎಳೆಯ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ಬಳಿಕ ದನಿ ಗಡಸಾಗಿ, ನಾವು ಬಲ್ಲ ಆ ಗಂಭೀರ ಕಂಠ ಬಂತು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿಸಿದರೆ ಹೊಸಬರು ಒಬ್ಬರೇ ಹಾಡಿದ್ದೆಂದು ನಂಬುವುದಿಲ್ಲ.

ಡೊಂಬಿವಲಿಯ ನೌಕರಿಯವರಿಗೆ ಗಂಗೂಬಾಯಿ ಇನ್ನೊಂದು ಕಾರಣಕ್ಕೂ ಹತ್ತಿರದವರು. ಸವಾಯಿ ಗಂಧರ್ವರ ಬಳಿ ಕಲಿಯಲು ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಮನೆ, ಮಕ್ಕಳು, ಸಾಲ ಎಲ್ಲವನ್ನೂ ನಿಭಾಯಿಸಿಕೊಂಡೇ. ‘ಲೋಕಲ್’ ಹಿಡಿದು ಕಲಿತ ವಿದ್ಯೆ ಅದು. ಇತ್ತ ಮಧ್ಯ ರೈಲ್ವೆಯ ಲೋಕಲ್ಲುಗಳಲ್ಲಿಯೂ ಹಾಡು ಹೊಸದಲ್ಲ. ಬೆಳಗಿನ ನೂಕುನುಗ್ಗಲಲ್ಲಿ ತಾಳ, ಢೋಲಕ್ಕಿ ಹಿಡಿದು ಅಭಂಗ ಹಾಡುವ ಭಜನಾ ಮಂಡಳಿಗಳು ಇಲ್ಲಿ ಹಳೆಯ ರೂಢಿ. ಭೀಮಸೇನರ ‘ಸಂತವಾಣಿ’ ಕೇಳಿ ಬೆಳೆದ ಮರಾಠಿ ಸಹಪ್ರಯಾಣಿಕರಿಗೆ ಅದೇ ಕಂಠದ ‘ದಾಸವಾಣಿ’ ಕೇಳಿಸಿದರೆ ಭಾಷೆ ತಿಳಿಯದಿದ್ದರೂ ವಿಠಲನ ಗುರುತು ಸಿಗುತ್ತದೆ. ತುಕಾರಾಮರಿಗೂ ಪುರಂದರದಾಸರಿಗೂ ಪಂಢರಪುರ ಒಂದೇ ತಾನೆ.

ಕೇಳುವ ಚಟಕ್ಕೆ ಇಲ್ಲಿ ನೆಲೆಗಳಿಗೂ ಕೊರತೆಯಿಲ್ಲ. ಕಲ್ಯಾಣ ಗಾಯನ ಸಮಾಜ 1926ರಷ್ಟು ಹಳೆಯದು. ಅದರ ‘ದೇವಗಂಧರ್ವ’ ಉತ್ಸವ ನೆನಪಿಸುವುದು ಭಾಸ್ಕರಬುವಾ ಬಖಲೆಯವರನ್ನು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿ ಆ ಸೀಮೆಗೆ ಖ್ಯಾಲಿನ ರುಚಿ ಹತ್ತಿಸಿದವರಲ್ಲಿ ಅವರೂ ಒಬ್ಬರು. ಥಾಣೆಯಲ್ಲಿ ರಾಮ ಮರಾಠೆಯವರ ಹೆಸರಿನ ಸಮಾರೋಹವಿದೆ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸುತ್ತದೆ. ವಾಶಿಯಲ್ಲಿ ನವಿಮುಂಬಯಿ ಕನ್ನಡ ಸಂಘವಿದೆ.

ಇನ್ನು ಹೊಟ್ಟೆಯ ವಿಚಾರ. ಥಾಣೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ತಹಶೀಲ್ದಾರ್ ಕಚೇರಿಯ ಮಗ್ಗುಲಲ್ಲಿ ‘ಮಾಮಲೇದಾರ್ ಮಿಸಳ್’. ಮೊಳಕೆ ಮಡಕಿಕಾಳಿನ ಉಸಳಿ, ಮೇಲೆ ಫರಸಾಣ, ಈರುಳ್ಳಿ, ಕೆಂಪಗೆ ತೇಲುವ ಖಾರದ ‘ತರ್ರಿ’, ಪಕ್ಕಕ್ಕೆ ಪಾವ್. ‘ತಿಖಟ್’ ಎಂದು ಕೇಳುವ ಮುಂಚೆ ಯೋಚಿಸುವುದು ಒಳ್ಳೆಯದು. ಕಣ್ಣಲ್ಲಿ ನೀರು ಬಂದರೂ ಬಡಿಸುವವರು ಕರಗುವುದಿಲ್ಲ. ಮಹಾರಾಷ್ಟ್ರದ ಹೆಮ್ಮೆಯಾದ ಈ ಮಿಸಳನ್ನು ಬೆಳೆಸಿದ ಮನೆತನದ ಅಡ್ಡಹೆಸರು ಮುರ್ಡೇಶ್ವರ! ಕಲ್ಯಾಣದಲ್ಲಿ ಮನೆಯ ಕಿಟಕಿಯಿಂದಲೇ ಮಾರಾಟ ಶುರುವಾಗಿ ಆ ಹೆಸರೇ ನಿಂತ ‘ಖಿಡಕಿ ವಡಾ’ ಇದೆ.

ಸ್ಟೇಷನ್ನಿನ ಎದುರು ನಿಂತರೆ ಒಂದಾದರೂ ಶೆಟ್ಟರ ಹೋಟೆಲು ಕಾಣದಿರುವುದಿಲ್ಲ. ಅಲ್ಲಿಯ ‘ಮೈಸೂರು ಮಸಾಲಾ’ ದೋಸೆಯನ್ನು ಮೈಸೂರಿನವರು ನೋಡಿದರೆ ಬೆಚ್ಚಿಬೀಳುತ್ತಾರೆ. ಬೆಳ್ಳುಳ್ಳಿ ಚಟ್ನಿಯ ಜತೆ ತರಕಾರಿಯನ್ನೂ ಕಾವಲಿಯ ಮೇಲೆ ಅರೆದು ಬಳಿದಿರುತ್ತಾರೆ. ಕೇಸರಿಬಾತು ‘ಶೀರಾ’ ಆಗಿದೆ, ಉದ್ದಿನವಡೆ ‘ಮೇದುವಡಾ’. ಶುದ್ಧಿಯ ಹಟ ಹಿಡಿದವರು ಗೊಣಗಲಿ. ಗಲ್ಲೆಯ ಹಿಂದೆ ಕೂತವರ ಜತೆ ತುಳುವಿನಲ್ಲೋ ಕನ್ನಡದಲ್ಲೋ ನಾಲ್ಕು ಮಾತಾಡಿ ಕಟಿಂಗ್ ಚಾ ಕುಡಿಯುವ ಸುಖಕ್ಕೆ ಈ ಬೆರಕೆ ಅಡ್ಡಿಬಂದದ್ದಿಲ್ಲ.

ಡಿಸೆಂಬರ್ ಬಂತೆಂದರೆ ರಸಿಕರ ಚೀಲ ಪುಣೆಗೆ ಸಜ್ಜು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಭೀಮಸೇನರು ಗುರುವಿನ ನೆನಪಿಗೆ 1953ರಿಂದ ನಡೆಸಿದ ಉತ್ಸವ ಅದು. ಕಲ್ಯಾಣ ದಾಟಿದ ಗಾಡಿ ಕರ್ಜತ್ತಿನಲ್ಲಿ ನಿಲ್ಲುತ್ತದೆ. 1863ರಲ್ಲಿ ತೆರೆದ ಭೋರ್ ಘಾಟಿನ ಏರು ಎಷ್ಟು ಕಡಿದೆಂದರೆ, ಹಿಂದಿನಿಂದ ದೂಡಲು ಹೆಚ್ಚಿನ ಎಂಜಿನ್ನು ಜೋಡಿಸಬೇಕು. ಆ ಕೆಲಸ ಮುಗಿಯುವುದರೊಳಗೆ ದಿವಾಡಕರ್ ಅವರ ಬಿಸಿ ಬಟಾಟೆವಡೆ ಕಿಟಕಿಗೆ ಬಂದಿರುತ್ತದೆ. ಘಾಟಿನ ಇಳಿಜಾರು ಹುಟ್ಟುಹಾಕಿದ ತಿಂಡಿ ಎಂದರೂ ತಪ್ಪಿಲ್ಲ.

ಪುಣೆಯಲ್ಲಿ ಇಳಿಯದೆ ಮುಂದೆ ಹೋದರೆ ಮಿರಜ. ತಂಬೂರಿ, ಸಿತಾರ ಮಾಡುವವರ ಊರು. ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು. ಸಂಚಾರದಲ್ಲೇ ಬಾಳು ಕಳೆದ ಅವರು 1937ರ ಅಕ್ಟೋಬರಿನಲ್ಲಿ ಮದರಾಸಿನಿಂದ ಪುದುಚೇರಿಗೆ ಹೊರಟಾಗ ದಾರಿಯಲ್ಲಿ ಎದೆನೋವೆಂದು ಇಳಿದು, ಸಿಂಗಪೆರುಮಾಳ್‌ಕೋಯಿಲ್ ಸ್ಟೇಷನ್ನಿನಲ್ಲೇ ಪ್ರಾಣ ಬಿಟ್ಟರು. ಮಣ್ಣಾದದ್ದು ಮಿರಜದ ದರ್ಗಾದಲ್ಲಿ; ಉರುಸಿಗೆ ಇಂದಿಗೂ ಗಾಯಕರು ಬಂದು ಹಾಡುತ್ತಾರೆ. ಮಿರಜ ಬಿಟ್ಟರೆ ಬೆಳಗಾವಿಯ ಕುಂದಾ, ಆಮೇಲೆ ಧಾರವಾಡದ ಪೇಢೆ, ಮಲ್ಲಿಕಾರ್ಜುನ ಮನ್ಸೂರರ ಮನೆ.

ನವಿಮುಂಬಯಿಯ ದಿಕ್ಕು ಬೇರೆ. ಕೊಂಕಣ ರೈಲ್ವೆಯ ಮುಖ್ಯ ಕಚೇರಿ ಇಲ್ಲಿಯ ಬೇಲಾಪುರದಲ್ಲೇ ಇದೆ. 1998ರ ಜನವರಿಯಲ್ಲಿ ಆ 741 ಕಿಲೋಮೀಟರ್ ಹಾದಿ ಪೂರ್ತಿ ತೆರೆದ ಮೇಲೆ, ಘಾಟಿ ಸುತ್ತುವ ಬಸ್ಸನ್ನೇ ನಂಬಿದ್ದ ಕರಾವಳಿಯವರಿಗೆ ಪನ್ವೇಲಿನಲ್ಲಿ ‘ಮತ್ಸ್ಯಗಂಧ’ ಹತ್ತಿದರೆ ಬೆಳಗ್ಗೆ ಊರು. ಇವರ ಪೆಟ್ಟಿಗೆಯಲ್ಲಿ ಖ್ಯಾಲಿನ ತಟ್ಟೆಗಿಂತ ಯಕ್ಷಗಾನದ ಕ್ಯಾಸೆಟ್ಟು ಹೆಚ್ಚು. 1990ರಲ್ಲಿ ಎಳೆ ಪ್ರಾಯದಲ್ಲೇ ಅಪಘಾತಕ್ಕೆ ಸಿಕ್ಕ ಕಾಳಿಂಗ ನಾವಡರ ಭಾಗವತಿಕೆಗೆ ಈಗಲೂ ಬೇಡಿಕೆ. ಮಳೆಗಾಲದಲ್ಲಿ ಊರಿನ ಬಯಲಾಟ ನಿಂತಾಗ ಕಲಾವಿದರು ಮುಂಬಯಿಗೆ ಬರುತ್ತಾರೆ, ಸಭಾಗೃಹಗಳಲ್ಲಿ ಚೆಂಡೆ ಕೇಳುತ್ತದೆ.

ಕಾಲಾಘೋಡಾದ ಸಂಗೀತದಂಗಡಿ ರಿದಂ ಹೌಸ್ 2016ರಲ್ಲಿ ಬಾಗಿಲು ಹಾಕಿದಾಗ ಇನ್ನು ಪ್ಲೇಟಿನ ಕತೆ ಮುಗಿಯಿತೆಂದು ಎಲ್ಲರೂ ಅಂದರು. ಆದರೆ 2024ರಲ್ಲಿ ಮುಂಬಯಿ ಸೀಮೆಯಲ್ಲೇ ಮತ್ತೆ ವಿನೈಲ್ ಒತ್ತುವ ಕಾರ್ಖಾನೆ ಶುರುವಾಗಿದೆ. ಹೊಸ ಪ್ಲೇಟಿನ ಬೆಲೆಯಲ್ಲಿ ಎಷ್ಟೋ ಮಿಸಳ್ ತಿನ್ನಬಹುದು. ಹಳೆಯದೇ ಬೇಕೆನ್ನುವವರು ಚೋರ್ ಬಜಾರಿಗೆ ಹೋಗಬಹುದು. ಕೊಳ್ಳುವ ಮುಂಚೆ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಕೂದಲೆಳೆಯ ಸೀಳು ಇದೆಯೇ ಎಂದು ನೋಡಬೇಕು. ಲೇಬಲ್ಲಿನ ಮೇಲೆ ‘ಗಾಂಧಾರಿ’ ಎಂದಿದ್ದರೆ ಮುಖದಲ್ಲಿ ಖುಷಿ ತೋರಿಸಬಾರದು, ಅಂಗಡಿಯವರು ಬೆಲೆ ಏರಿಸಿಬಿಡುತ್ತಾರೆ.