ಕಂಪನಿ ದಿವಾಳಿಯಾದರೆ ಕೇಬಲ್ ಯಾರದ್ದು? ಆರ್‌ಕಾಂ ಫೈಬರ್ ಕತೆ, ಕೊಡಗಿನ ಅಂಗಡಿ-ಮನೆಗಳಿಗೆ ಅದರ ಲೆಕ್ಕ

ಮಡಿಕೇರಿ: ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೊಡಗಿನ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಕಂಬ ಹತ್ತುವ ಹುಡುಗನ ನಂಬರ್ ಎಲ್ಲರ ಮೊಬೈಲ್‌ನಲ್ಲೂ ಇದೆ. ಆದರೆ ಕೇಬಲ್ ನೆಟ್ಟಗಿದ್ದು, ಅದರ ಹಿಂದಿನ ಕಂಪನಿಯೇ ದಿವಾಳಿಯಾದರೆ? ಆಗ ಕೇಬಲ್ ಕಂಪನಿಯದ್ದೋ, ಸಾಲ ಕೊಟ್ಟ ಬ್ಯಾಂಕಿನದ್ದೋ, ಬಾಡಿಗೆಗೆ ಪಡೆದು ಉಪಯೋಗಿಸುತ್ತಿರುವವರದ್ದೋ?

ದೇಶದಲ್ಲಿ ಈ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಅನಿಲ್ ಅಂಬಾನಿ ಅವರ ರಿಲಯನ್ಸ್ ಕಮ್ಯುನಿಕೇಷನ್ಸ್, ಅಂದರೆ ಆರ್‌ಕಾಂ ಮುಳುಗಿದಾಗ. 2003ರಲ್ಲಿ 501 ರೂಪಾಯಿ ಕಟ್ಟಿ ರಿಲಯನ್ಸ್ ಸೆಟ್ ತಗೊಂಡವರಿಗೆ ಆ ಹೆಸರು ನೆನಪಿರುತ್ತದೆ. 2017ರ ಡಿಸೆಂಬರ್‌ನಲ್ಲಿ ಕಂಪನಿ ಮೊಬೈಲ್ ಕರೆ ಸೇವೆ ನಿಲ್ಲಿಸಿತು. ಗ್ರಾಹಕರು ನಂಬರ್ ಪೋರ್ಟ್ ಮಾಡಿಸಿಕೊಂಡು ಹೊರಟರು. ಸಿಮ್ ಸತ್ತಿತು, ನೆಲದಡಿಯ ಫೈಬರ್ ಮಾತ್ರ ಸಾಯಲಿಲ್ಲ.

ಯಾಕೆಂದರೆ ಅದರ ಮೇಲೆ ಬೇರೆಯವರ ಹಕ್ಕೂ ಇತ್ತು. 2013ರ ಏಪ್ರಿಲ್‌ನಲ್ಲೇ ಅಣ್ಣ ಮುಕೇಶ್ ಅಂಬಾನಿ ಅವರ ಜಿಯೋ ಕಂಪನಿ, ಊರಿಂದೂರಿಗೆ ಹೋಗುವ ಆರ್‌ಕಾಂ ಫೈಬರ್ ಬಳಸಲು ಒಂದೇ ಸಲ ಕೊಡುವ ಶುಲ್ಕವಾಗಿ ಸುಮಾರು 1,200 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತ್ತು. ಈ ಥರದ ಒಪ್ಪಂದಕ್ಕೆ ಟೆಲಿಕಾಂನವರು ಐಆರ್‌ಯು ಅಂತಾರೆ. ಮನೆ ಭೋಗ್ಯಕ್ಕೆ ಪಡೆದ ಹಾಗೆ ಅಂದುಕೊಳ್ಳಿ. ಮೊದಲೇ ದೊಡ್ಡ ಮೊತ್ತ ಕೊಟ್ಟು ವರ್ಷಗಟ್ಟಲೆ ಇರಬಹುದು, ಆದರೆ ಖಾತೆ ಮಾಲೀಕನ ಹೆಸರಲ್ಲೇ. ಒಂದೇ ವ್ಯತ್ಯಾಸ, ಭೋಗ್ಯದ ದುಡ್ಡು ಕೊನೆಗೆ ವಾಪಸ್ ಬರುತ್ತೆ, ಇದು ಬರಲ್ಲ.

ಒಂದೇ ಕೇಬಲ್ ಮೇಲೆ ಹಲವರ ಹಕ್ಕು ಅನ್ನೋದು ಬೇರೆ ಜಿಲ್ಲೆಯವರಿಗೆ ವಿಚಿತ್ರ ಅನ್ನಿಸಬಹುದು, ಕೊಡಗಿನವರಿಗೆ ಅಲ್ಲ. ರಿಡೀಮ್ ಆಗದ ಜಮ್ಮಾ ಬಾಣೆಯಲ್ಲಿ ಜಾಗ ಕುಟುಂಬದ ಅನುಭವದಲ್ಲಿದ್ದರೂ ಮರದ ಹಕ್ಕು ಸರ್ಕಾರದ್ದು ಎಂಬ ತಕರಾರು ಇಲ್ಲಿ ತಲೆಮಾರುಗಳಿಂದ ಇದೆ. ಫೈಬರ್ ಕೂಡ ಹಾಗೇ. ರಸ್ತೆ ಬದಿಯ ನೆಲ ಲೋಕೋಪಯೋಗಿ ಇಲಾಖೆಯದ್ದೋ ಪಂಚಾಯಿತಿಯದ್ದೋ, ಕಂಬ ವಿದ್ಯುತ್ ಕಂಪನಿಯದ್ದು, ಕೇಬಲ್ ಎಳೆದವರದ್ದು ಇನ್ನೊಂದು ಹೆಸರು. ಕೇಬಲ್‌ನ ಒಳಗೆ 24, 48 ಅಂತ ಎಳೆಗಳಿರುತ್ತವೆ. ಅದರಲ್ಲಿ ನಾಲ್ಕು ಎಳೆ ಇನ್ನೊಬ್ಬರಿಗೆ ಬಾಡಿಗೆಗೆ ಹೋಗಿರಬಹುದು.

ದಿವಾಳಿ ಕಾನೂನು (2016ರ ಐಬಿಸಿ) ಇಲ್ಲಿ ಎರಡು ಮಾತು ಹೇಳುತ್ತದೆ. ಬೇರೆಯವರ ಮಾಲೀಕತ್ವದ ವಸ್ತು ದಿವಾಳಿ ಕಂಪನಿಯ ಕೈಯಲ್ಲಿ ಕರಾರಿನ ಮೇಲೆ ಇದ್ದರೆ ಅದು ಕಂಪನಿಯ ಆಸ್ತಿ ಅಲ್ಲ, ಸಾಲಗಾರರಿಗೆ ಹಂಚುವ ಹಾಗಿಲ್ಲ. ಅದೇ ಹೊತ್ತಿಗೆ, ಪ್ರಕ್ರಿಯೆ ಮುಗಿಯುವವರೆಗೆ ಮಾಲೀಕ ಬಂದು ಅದನ್ನು ಕಿತ್ತುಕೊಂಡು ಹೋಗುವ ಹಾಗೂ ಇಲ್ಲ. ಇದಕ್ಕೆ ಮೊರಟೋರಿಯಂ ಅಂತಾರೆ, 14ನೇ ಸೆಕ್ಷನ್. ಉಲ್ಟಾ ಆದಾಗ, ಅಂದರೆ ಮಾಲೀಕನೇ ಮುಳುಗಿ ಬಾಡಿಗೆದಾರ ಉಳಿದಾಗ, ಬಾಡಿಗೆದಾರನ ಗತಿ ಬಹುಮಟ್ಟಿಗೆ ಕರಾರು ಎಷ್ಟು ಗಟ್ಟಿ ಅನ್ನೋದರ ಮೇಲೆ ನಿಂತಿರುತ್ತದೆ. ಜಿಯೋ ಇದ್ದದ್ದು ಆ ಜಾಗದಲ್ಲಿ.

ಅದು ಕಂಡುಕೊಂಡ ದಾರಿ ಸರಳ: ಕೊಂಡುಬಿಡುವುದು. 2017ರ ಕೊನೆಗೆ ಆರ್‌ಕಾಂನ ಟವರ್, ಫೈಬರ್, ಸ್ಪೆಕ್ಟ್ರಂ ಎಲ್ಲ ಕೊಳ್ಳುವ ಒಪ್ಪಂದ ಆಯಿತು, 2019ರ ಮಾರ್ಚ್‌ನಲ್ಲಿ ಅದು ಮುರಿದುಬಿತ್ತು. ಎರಿಕ್ಸನ್ ಕಂಪನಿ ಬಾಕಿಗಾಗಿ ಹೂಡಿದ್ದ ಅರ್ಜಿಯ ಮೇಲೆ ಅದೇ ವರ್ಷ ಮೇ ತಿಂಗಳಲ್ಲಿ ದಿವಾಳಿ ಪ್ರಕ್ರಿಯೆ ಮತ್ತೆ ಶುರುವಾಯಿತು. ಟವರ್ ಮತ್ತು ಫೈಬರ್ ಇದ್ದದ್ದು ರಿಲಯನ್ಸ್ ಇನ್ಫ್ರಾಟೆಲ್ ಎಂಬ ಅಂಗಸಂಸ್ಥೆಯಲ್ಲಿ: ಸುಮಾರು 1.78 ಲಕ್ಷ ಕಿಲೋಮೀಟರ್ ಫೈಬರ್, 43,540 ಟವರ್. ಜಿಯೋ ಕಡೆಯವರ ಯೋಜನೆಗೆ 2020ರ ಡಿಸೆಂಬರ್‌ನಲ್ಲಿ ಮುಂಬೈ ಎನ್‌ಸಿಎಲ್‌ಟಿ ಒಪ್ಪಿಗೆ ಕೊಟ್ಟಿತು.

ಅಲ್ಲಿಗೂ ಮುಗಿಯಲಿಲ್ಲ. ಬರುವ ದುಡ್ಡಲ್ಲಿ ಯಾವ ಬ್ಯಾಂಕಿಗೆ ಎಷ್ಟು ಅಂತ ದೋಹಾ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಮತ್ತಿತರರ ನಡುವೆ ವ್ಯಾಜ್ಯ ಎದ್ದಿತು. ಕೊನೆಗೆ ಜಿಯೋ, ದುಡ್ಡನ್ನು ಸ್ಟೇಟ್ ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಇಡುತ್ತೇವೆ, ಜಗಳ ನೀವು ನಿಧಾನ ಮುಗಿಸಿಕೊಳ್ಳಿ ಅನ್ನೋ ಅರ್ಥದಲ್ಲಿ ನ್ಯಾಯಮಂಡಳಿಗೆ ಹೋಯಿತು. 2022ರ ನವೆಂಬರ್‌ನಲ್ಲಿ ಅನುಮತಿ ಸಿಕ್ಕಿ, ಡಿಸೆಂಬರ್‌ನಲ್ಲಿ 3,720 ಕೋಟಿಗೆ ಇನ್ಫ್ರಾಟೆಲ್ ಕೈ ಬದಲಾಯಿಸಿತು. ಕಾನೂನಿನ ಪ್ರಕಾರ 330 ದಿನದಲ್ಲಿ ಮುಗಿಯಬೇಕಾದ ಕೆಲಸ ಇದು!

ಆರ್‌ಕಾಂ ಕೈಯಲ್ಲಿದ್ದ ಸ್ಪೆಕ್ಟ್ರಂ ಕತೆಯೇ ಬೇರೆ. ಅದು ದೇಶದ ಸಂಪತ್ತು, ದಿವಾಳಿ ಹೆಸರಲ್ಲಿ ಸರ್ಕಾರದ ಬಾಕಿ ಅಳಿಸಿಹಾಕಲು ಆಗಲ್ಲ ಅಂತ 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಹೇಳಿತು. ಸ್ವಂತ ಫೈಬರ್‌ಗೂ ಸರ್ಕಾರದಿಂದ ಪಡೆದ ತರಂಗಕ್ಕೂ ಇರುವ ವ್ಯತ್ಯಾಸ ಅದು.

ಕೊಡಗಿಗೆ ಇದು ಯಾಕೆ ಮುಖ್ಯ? ಜಿಲ್ಲೆಯಲ್ಲಿ ರೈಲು ಹಳಿ ಇಲ್ಲ. ಬೇರೆ ಕಡೆ ಹಳಿ ಪಕ್ಕದಲ್ಲೇ ರೈಲ್‌ಟೆಲ್ ಫೈಬರ್ ಹೋಗುತ್ತದೆ, ಇಲ್ಲಿಗೆ ಬರುವ ಕೇಬಲ್ ರಸ್ತೆ ಮತ್ತು ಕಂಬಗಳನ್ನೇ ನಂಬಬೇಕು. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲ ಕಡೆ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ಹೆದ್ದಾರಿ ಬಂದ್ ಆದದ್ದನ್ನು ಯಾರೂ ಮರೆತಿಲ್ಲ. ದಾರಿ ಕಡಿಮೆ ಇರುವ ಕಡೆ, ಇರುವ ಕೇಬಲ್‌ನ ಮಾಲೀಕತ್ವ ಕೋರ್ಟಿನಲ್ಲಿ ಸಿಕ್ಕಿಕೊಂಡರೆ ರಿಪೇರಿಗೆ ದುಡ್ಡು ಹಾಕುವವರು ಯಾರು ಅನ್ನೋದೇ ತಲೆನೋವು.

ಪಟ್ಟಣದ ಸ್ಥಳೀಯ ಆಪರೇಟರ್‌ನ ವಿಷಯದಲ್ಲಿ, ಅಂಗಡಿವರೆಗಿನ ಕೇಬಲ್ ಅವರದ್ದೇ ಆಗಿದ್ದರೂ ಮೇಲಿನಿಂದ ಬರುವ ಲೈನ್ ಬಾಡಿಗೆಯದ್ದಾಗಿರಬಹುದು. ಮೇಲಿನ ಕಂಪನಿ ಬಿದ್ದರೆ ಅವರ ಕೇಬಲ್ ಸುರಕ್ಷಿತವಾಗಿಯೇ ಇರುತ್ತದೆ, ಆದರೆ ಅದರಲ್ಲಿ ಬೆಳಕು ಇರಲ್ಲ. ಬಿಎಸ್‌ಎನ್‌ಎಲ್ ಭಾರತ್ ಫೈಬರ್ ಕೂಡ ಮನೆಗೆ ಬರುವುದು ಅನೇಕ ಕಡೆ ಸ್ಥಳೀಯ ಪಾಲುದಾರರ ಕೇಬಲ್ ಮೂಲಕವೇ. ವರ್ಷದ ಪ್ಲಾನ್‌ಗೆ ಒಟ್ಟಿಗೆ ದುಡ್ಡು ಕಟ್ಟುವ ಮೊದಲು, ರಶೀದಿ ಯಾರ ಹೆಸರಲ್ಲಿ, ಡಬ್ಬಿ ಯಾರದ್ದು ಅಂತ ಕೇಳಿಕೊಳ್ಳೋದು ಒಳ್ಳೆಯದು.

ಹೆಚ್ಚು ಪೆಟ್ಟು ಬೀಳುವುದು ಟವರ್‌ಗೆ ಜಾಗ, ತಾರಸಿ ಬಾಡಿಗೆ ಕೊಟ್ಟವರಿಗೆ. ಮೊರಟೋರಿಯಂ ಇರುವಾಗ ಟವರ್ ಬಿಚ್ಚಿಸಲು ಆಗಲ್ಲ. ದಿವಾಳಿ ಶುರುವಾದ ದಿನಕ್ಕೆ ಮೊದಲಿನ ಬಾಡಿಗೆ ಬಾಕಿಗೆ ಉಳಿದ ಸಾಲಗಾರರ ಜೊತೆ ಸಾಲಲ್ಲಿ ನಿಲ್ಲಬೇಕು. ಜಾಗ ಬಳಕೆಯಲ್ಲಿದ್ದರೆ ಆ ದಿನದ ನಂತರದ ಬಾಡಿಗೆ ಪ್ರಕ್ರಿಯೆಯ ಖರ್ಚಿನ ಲೆಕ್ಕಕ್ಕೆ ಹೋಗುತ್ತದೆ, ಅದಕ್ಕೆ ಮೊದಲ ಪಾಲು. ಎರಡನ್ನೂ ಒಂದೇ ಬಿಲ್ಲಿನಲ್ಲಿ ಸೇರಿಸಿ ಕೇಳಿದರೆ ಗೊಂದಲವೇ.

ಹಳೆ ಬಾಕಿಗೆ ಕ್ಲೈಮ್ ಹಾಕಲು ಸಾಮಾನ್ಯವಾಗಿ 14 ದಿನದ ಗಡುವು ಇರುತ್ತದೆ, ತಡವಾದವರಿಗೂ ಸ್ವಲ್ಪ ಅವಕಾಶ ಉಂಟು. ತೊಂದರೆ ಏನೆಂದರೆ, ಪ್ರಕಟಣೆ ಬರುವುದು ಮುಖ್ಯವಾಗಿ ಕಂಪನಿಯ ನೋಂದಾಯಿತ ಕಚೇರಿ ಇರುವ ಊರಿನ ಪತ್ರಿಕೆಗಳಲ್ಲಿ. ಮುಂಬೈ ಕಂಪನಿಯಾದರೆ ಅಲ್ಲಿನ ಇಂಗ್ಲಿಷ್, ಮರಾಠಿ ಪತ್ರಿಕೆಯಲ್ಲಿ. ಸಿದ್ದಾಪುರದಲ್ಲಿ ಟವರ್‌ಗೆ ಜಾಗ ಕೊಟ್ಟವರ ಕಣ್ಣಿಗೆ ಅದು ಬೀಳುವ ಸಂಭವ ಕಡಿಮೆ. ಇದೇ ಪ್ರಕಟಣೆ ದಿವಾಳಿ ಮಂಡಳಿ ಐಬಿಬಿಐನ ವೆಬ್‌ಸೈಟ್‌ನಲ್ಲೂ ಹಾಕುತ್ತಾರೆ. ಎರಡು ತಿಂಗಳ ಬಾಡಿಗೆ ನಿಂತ ಕೂಡಲೇ ಕಂಪನಿಯ ಹೆಸರು ಹಾಕಿ ಅಲ್ಲಿ ಹುಡುಕಬಹುದು, ಇದಕ್ಕೆ ವಕೀಲರೇ ಬೇಕು ಅಂತೇನಿಲ್ಲ.