ಕಣಜದ ಗೂಡಿನ ಮುಂದೆ ಕುಳಿತ ವಿದ್ಯಾರ್ಥಿ

ಸಂಶೋಧನೆಯೆಂಬ ಮಾತನ್ನು ಕೇಳಿದೊಡನೆಯೇ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ಗಾಜಿನ ನಳಿಕೆಗಳೂ ಬೆಲೆಬಾಳುವ ಯಂತ್ರಗಳೂ ಸುಳಿಯುತ್ತವೆ. ಅವು ತಮ್ಮ ಕೈಗೆಟುಕುವುವಲ್ಲವೆಂದು ಎಷ್ಟೋ ಮಂದಿ ನಿರಾಶರಾಗುತ್ತಾರೆ. ಆದರೆ ಕೀಟಗಳ ನಡವಳಿಕೆಯನ್ನು ಅಭ್ಯಸಿಸುವ ಪ್ರಯೋಗಶಾಲೆಯೊಂದನ್ನು ಹೊಕ್ಕು ನೋಡಿದರೆ ಈ ಭಾವನೆ ಬದಲಾಗದೆ ಇರದು. ಅಲ್ಲಿ ಮುಖ್ಯವಾಗಿ ಬೇಕಾದುವು ಕುಳಿತುಕೊಳ್ಳಲು ಒಂದು ಪೀಠ, ಒಂದು ಗಡಿಯಾರ, ಕೆಲವು ಬಣ್ಣಗಳು, ಒಂದು ಟಿಪ್ಪಣಿ ಪುಸ್ತಕ. ಇವೆಲ್ಲಕ್ಕಿಂತ ಮಿಗಿಲಾಗಿ ತಾಳ್ಮೆ.

ಇದಕ್ಕೆ ಉತ್ತಮ ನಿದರ್ಶನ ಬೆಂಗಳೂರಿನಲ್ಲಿಯೇ ಉಂಟು. ರಾಘವೇಂದ್ರ ಗದಗಕರ್ ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅಲ್ಲಿಯ ಕಿಟಕಿಗಳಲ್ಲಿ ಗೂಡು ಕಟ್ಟಿದ್ದ ಕಣಜಗಳನ್ನು ಗಮನಿಸಿದರು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವ ವಿಜ್ಞಾನದಲ್ಲಿ ಡಾಕ್ಟೊರೇಟ್ ಪಡೆದರೂ, ಆ ಕಣಜಗಳೇ ಅವರ ಜೀವಮಾನದ ಅಭ್ಯಾಸವಸ್ತುವಾದುವು. ರೋಪಾಲಿಡಿಯ ಮಾರ್ಜಿನೇಟ ಎಂಬುದು ಈ ಕೀಟದ ಶಾಸ್ತ್ರೀಯ ನಾಮ. ಸಸ್ಯದ ನಾರನ್ನು ಅಗಿದು ಕಾಗದದಂತಹ ಗೂಡನ್ನು ಇದು ನಿರ್ಮಿಸುತ್ತದೆ.

ಈ ಸಣ್ಣ ಗೂಡಿನಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಇಲ್ಲಿ ರಾಣಿಗೂ ಕೆಲಸಗಾರ್ತಿಯರಿಗೂ ರೂಪಭೇದವಿಲ್ಲ. ಕೆಲಸಗಾರ್ತಿಯೂ ಅವಕಾಶವೊದಗಿದರೆ ರಾಣಿಯಾಗಬಲ್ಲಳು. ಹೀಗಿದ್ದರೂ ಬಹುಮಂದಿ ತಮ್ಮ ಸಂತಾನದ ಆಸೆಯನ್ನು ತೊರೆದು ಪರರ ಮರಿಗಳನ್ನು ಸಾಕುವುದೇಕೆ? ಸಂತಾನಹೀನ ಕೀಟಗಳ ಈ ಸಮಸ್ಯೆಯನ್ನು 1859ರಲ್ಲಿ ಡಾರ್ವಿನ್ನನೇ ತನ್ನ ಸಿದ್ಧಾಂತಕ್ಕೆ ದೊಡ್ಡ ತೊಡಕೆಂದು ಕಂಡಿದ್ದನು.

ಉತ್ತರವನ್ನು ಅರಸಲು ಮೊದಲು ಪ್ರತಿಯೊಂದು ಕಣಜವನ್ನೂ ಗುರುತಿಸಬೇಕು. ಅವುಗಳ ಮೈಮೇಲೆ ಬಣ್ಣದ ಚುಕ್ಕೆಗಳನ್ನಿಟ್ಟು, ಯಾವುದು ಎಷ್ಟು ಹೊತ್ತು ಕುಳಿತಿತು, ಯಾವುದು ಜಗಳಕ್ಕೆ ಹೋಯಿತು, ಯಾವುದು ಆಹಾರ ತಂದಿತು ಎಂಬುದನ್ನು ದಿನಗಟ್ಟಲೆ ಬರೆದುಕೊಳ್ಳಬೇಕು. ಇಂತಹ ಲೆಕ್ಕದಿಂದ 1983ರಲ್ಲಿ ಒಂದು ಹೊಸ ಸಂಗತಿ ಹೊರಬಿತ್ತು: ಗೂಡಿನ ನಿವಾಸಿಗಳು ಕುಳಿತಿರುವವರು, ಕಾದಾಡುವವರು, ಆಹಾರ ತರುವವರು ಎಂದು 3 ಗುಂಪುಗಳಾಗುತ್ತಾರೆ. ರಾಣಿಯಾದರೋ ಜಗಳಗಂಟಿಯಲ್ಲ, ಸುಮ್ಮನೆ ಕುಳಿತಿರುವವರಲ್ಲಿ ಒಬ್ಬಳು!

ರಾಣಿಯನ್ನು ಗೂಡಿನಿಂದ ತೆಗೆದರೆ ಏನಾಗುವುದು? ಸ್ವಲ್ಪ ಹೊತ್ತಿನಲ್ಲಿಯೇ ಒಬ್ಬ ಕೆಲಸಗಾರ್ತಿ ಉಗ್ರಳಾಗಿ ಉಳಿದವರ ಮೇಲೆ ಎರಗುತ್ತಾಳೆ. ರಾಣಿ ಮರಳದಿದ್ದರೆ ಅವಳೇ ಮುಂದಿನ ರಾಣಿ. ಆದರೆ ರಾಣಿಯಿರುವಾಗ ಈ ಉತ್ತರಾಧಿಕಾರಿಣಿ ಯಾರೆಂದು ನಮಗೆ ತಿಳಿಯುವುದಿಲ್ಲ. ಕಣಜಗಳಿಗಾದರೂ ತಿಳಿದಿದೆಯೆ? ಅನಿಂದಿತಾ ಭದ್ರ ಅವರು ಸಂಶೋಧನ ವಿದ್ಯಾರ್ಥಿನಿಯಾಗಿ ಗದಗಕರ್ ಅವರೊಡನೆ ಇದನ್ನು ಪರೀಕ್ಷಿಸಿದರು. ಗೂಡನ್ನು ತಂತಿಬಲೆಯಿಂದ ಎರಡು ಪಾಲು ಮಾಡಿ, ರಾಣಿಯನ್ನು ಒಂದು ಪಾಲಿನಲ್ಲಿಟ್ಟು, ಬಳಿಕ ಇನ್ನೊಂದಕ್ಕೆ ಬದಲಾಯಿಸಿದರು. ಕೆಲವು ಗೂಡುಗಳಲ್ಲಿ ಮೊದಲು ಎದ್ದವಳನ್ನೇ ಎರಡೂ ಪಾಲಿನವರು ಒಪ್ಪಿದರು. ಉಳಿದವುಗಳಲ್ಲಿ ಎರಡನೆಯವಳೊಬ್ಬಳು ಎದ್ದಳು, ಎಲ್ಲರೂ ಅವಳಿಗೆ ಮಣಿದರು. ಮೂರನೆಯವಳ ಅವಶ್ಯಕತೆ ಬೀಳಲೇ ಇಲ್ಲ. ನಮ್ಮ ಕಣ್ಣಿಗೆ ಮರೆಯಾದುದನ್ನು ಕಣಜಗಳು ಬಲ್ಲವೆಂದು 2008ರಲ್ಲಿ ಲೋಕಕ್ಕೆ ತಿಳಿಯಿತು.

ಬೇಕಾದುದು ತಂತಿಬಲೆಯೂ ಸರಿಯಾದ ಪ್ರಶ್ನೆಯೂ ಅಲ್ಲವೆ?

ಇಂತಹ ಪ್ರಯೋಗಶಾಲೆಗಳಿಗೆ ಪ್ರವೇಶ ಹೇಗೆ? ಭಾರತದ 3 ವಿಜ್ಞಾನ ಅಕಾಡೆಮಿಗಳು ಕೂಡಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಿಗೆಯ ಸಂಶೋಧನ ವೇತನವನ್ನು ಕೊಡುತ್ತ ಬಂದಿವೆ. ಸ್ನಾತಕೋತ್ತರ ತರಗತಿಯ ಕಿರುಪ್ರಬಂಧ ಇನ್ನೊಂದು ಬಾಗಿಲು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಕೀಟಶಾಸ್ತ್ರದ ವಿಭಾಗವೇ ಇದೆ. ಪ್ರೌಢಶಾಲೆಯಲ್ಲಿರುವವರು ಕಾಯಬೇಕಾದುದಿಲ್ಲ, ಅಂಗಳದ ಇರುವೆಯ ಸಾಲು ಇಂದೇ ಸಿದ್ಧವಾಗಿದೆ. ಕಣಜದ ಕುಟುಕು ಅಪಾಯಕರವಾಗಬಹುದಾದುದರಿಂದ, ಬಲ್ಲವರ ನೆರವಿಲ್ಲದೆ ಅದರ ಗೂಡನ್ನು ಮುಟ್ಟಬಾರದು.

ಕೊನೆಯದಾಗಿ ಒಂದು ಮಾತು. ದಿನವಿಡೀ ಕುಳಿತರೂ ಗೂಡಿನಲ್ಲಿ ಏನೂ ನಡೆಯದಿರಬಹುದು. ಆಗ ‘ಏನೂ ನಡೆಯಲಿಲ್ಲ’ ಎಂದೇ ಬರೆಯಬೇಕು. ರಾಣಿ ಸುಮ್ಮನೆ ಕುಳಿತಿರುವಳೆಂಬುದು ನಮಗೆ ತಿಳಿದುದು, ಅದನ್ನು ಯಾರೋ ಬೇಸರಪಡದೆ, ಇದ್ದುದನ್ನು ಇದ್ದಂತೆ ಬರೆದುಕೊಂಡುದರಿಂದಲೇ.